ಕಟ್ ಮಾಡಿದ ಹನ್ನೆರಡು ಸೆಕೆಂಡು

ಫೆಬ್ರುವರಿ ೨೨, ಶನಿವಾರ. ಮಧ್ಯಾಹ್ನ, ಗೋವಾದ ಫೋಂಡಾ ಬಸ್ ಸ್ಟ್ಯಾಂಡ್

ಮೂರನೇ ಟ್ರಿಪ್ ಮುಗಿಯಿತು. ಮುಂದಿನದಕ್ಕೆ ಇನ್ನೂ ಇಪ್ಪತ್ತು ನಿಮಿಷ. ಬೆಳಗಿನಿಂದ 'ಉಸಗಾಂವ, ಉಸಗಾಂವ' ಎಂದು ಕೂಗಿ ಗಂಟಲು ಕಟ್ಟಿದೆ. ಜಯಶ್ರೀ ಬಾಟಲಿಯಲ್ಲಿ ಜ್ಯೇಷ್ಠಮಧು ಕುದಿಸಿದ ನೀರು ಕೊಟ್ಟಿದ್ದಾಳೆ. "ಕಂಡಕ್ಟರ್ ಕೆಲಸಕ್ಕಲ್ಲ, ನಾಳಿ ಮೈಕಿನ ಸಲುವಾಗಿ ಗಂಟಲಾ ಕಾಯ್ಕೋತೀರಿ. ಗೊತ್ತೈತಿ ನನಗ," ಅಂದಳು. ಹೆಂಡತಿಯ ಮುಂದೆ ಬುದ್ಧಿವಂತಿಕೆ ನಡೆಯುವುದಿಲ್ಲ.

ನಾಳೆ ಸೆಮಿಫೈನಲ್. ನಮ್ಮ ಉಸಗಾಂವ, ಎದುರಿಗೆ ಸಾಂಖಳಿ. ಟೆನಿಸ್ ಬಾಲ್, ಆರು ಓವರ್. ಕಾಮೆಂಟ್ರಿ ನನ್ನದೇ. ಕನ್ನಡ, ಹಿಂದಿ, ನಡುವೆ ನಾಲ್ಕು ಕೊಂಕಣಿ ಮಾತು. ಜನ ಬರುವುದು ಅರ್ಧ ಆಟಕ್ಕೆ, ಅರ್ಧ ನನ್ನ ಬಾಯಿಗೆ. ಇದು ಜಂಬವಲ್ಲ, ಎಲ್ಲರೂ ಹೇಳುತ್ತಾರೆ.

ತಿಸ್ಕ ನಾಕಾದಲ್ಲಿ ಹಾರೂನ ಹತ್ತಿದ. ಟಿಪ್ಪರನ್ನು ಗ್ಯಾರೇಜಿಗೆ ಬಿಟ್ಟು ಬಂದಿದ್ದನಂತೆ. ನಮ್ಮ ಫಾಸ್ಟ್ ಬೌಲರ್. ಬಾಗಿಲಲ್ಲೇ ನಿಂತು ನನ್ನ ಭುಜ ಗುದ್ದಿದ.

"ಸೋಮಣ್ಣ, ನಾಳಿ ನನಗ ಸಿಕ್ಸರ್ ಬಿದ್ರ ಜರಾ ಸುಮ್ಕ ಇರಪಾ. ಬ್ಯಾಟ್ಸ್‌ಮನ್‌ಗ ಅಂಜಂಗಿಲ್ಲ ನಾ, ನಿನ್ನ ಬಾಯಿಗೆ ಅಂಜತೇನಿ."

"ನೀ ಸಿಕ್ಸರ್ ಕೊಡಬ್ಯಾಡ, ನಾ ಸುಮ್ಕ ಇರ್ತೇನಿ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಸಾಕು.

ಫೆಬ್ರುವರಿ ೨೩, ರವಿವಾರ

ಹಾರೂನ ಹೋದ.

ಮೂವತ್ತೊಂದು ವರ್ಷ. ಆಡುತ್ತಾ ಆಡುತ್ತಾ, ನಮ್ಮ ಕಣ್ಣೆದುರಿಗೇ. ಬರೆಯಲಾಗುವುದಿಲ್ಲ.

ಫೆಬ್ರುವರಿ ೨೪, ಸೋಮವಾರ

ಬಸ್ಸಿಗೆ ಹೋಗಲಿಲ್ಲ. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮಣ್ಣು. ರಸ್ತೆಯ ಎರಡೂ ಬದಿಗೆ ಟಿಪ್ಪರುಗಳು ನಿಂತಿದ್ದವು. ಒಂದೂ ಹಾರ್ನ್ ಇಲ್ಲ. ಸಾವರ್ಡೆಯಿಂದ ಎರಡು ಟೀಮು ಬಂದಿದ್ದವು. ಸಾಂಖಳಿಯವರೂ ಬಂದಿದ್ದರು, ನಿನ್ನೆ ಹಾಕಿದ್ದ ಅದೇ ಜರ್ಸಿಯಲ್ಲಿ.

ಮಜರ ಮ್ಯಾಚಿನ ಚೆಂಡನ್ನು ತಂದು ಗೋರಿಯ ಹಸಿ ಮಣ್ಣಿನ ಮೇಲಿಟ್ಟ. ನಮ್ಮ ಕ್ಯಾಪ್ಟನ್, ಮೊಬೈಲ್ ಅಂಗಡಿಯವನು. ಮ್ಯಾಚುಗಳನ್ನು ಫೋನಿಗೆ ಲೈವ್ ಬಿಡುವವನೂ ಅವನೇ. ಹಾರೂನನ ಅಪ್ಪ ಶಫೀಸಾಬ ಕಾಕಾ ನಿಧಾನಕ್ಕೆ ಬಗ್ಗಿ ಚೆಂಡನ್ನು ಎತ್ತಿಕೊಂಡರು. "ಇಲ್ಲಿ ಆಟದ ಸಾಮಾನ ಇಡಬಾರದಪಾ," ಅಂದರು. ಸಿಟ್ಟಿರಲಿಲ್ಲ. ಒರೆಸಿ ಜೇಬಿಗೆ ಹಾಕಿಕೊಂಡರು.

ಎಲ್ಲರ ಬಾಯಲ್ಲೂ ಒಂದೇ ಮಾತು. "ವಿಕೆಟ್ ಕಿತ್ತ ಸತ್ತಾ. ಗಂಡಸಾದವ ಹಿಂಗ ಸಾಯಬೇಕ." ಹಾಗೆ ಸಾಯಲು ತಯಾರಿದ್ದ ಗಂಡಸು ಅಲ್ಲಿ ಒಬ್ಬನೂ ಕಾಣಲಿಲ್ಲ. ಯಾರೋ ನನ್ನ ಕೈ ಹಿಡಿದುಕೊಂಡರು. "ನಿನ್ನ ಆವಾಜ್ ಕೇಳ್ಕೋತ ಹೋದಾ, ಸೋಮಣ್ಣ. ಪುಣ್ಯಾ ಮಾಡಿದ್ದಾ."

ಕೈ ಬಿಡಿಸಿಕೊಂಡು ಮನೆಗೆ ಬಂದೆ.

ಫೆಬ್ರುವರಿ ೨೬, ಬುಧವಾರ. ಬೆಳಿಗ್ಗೆ

ಇಲ್ಲಾದರೂ ಬರೆಯುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ.

ಕೊನೆಯ ಓವರ್. ಮೊದಲ ಎರಡು ಚೆಂಡಿಗೂ ಸಿಕ್ಸರ್. ಹಾರೂನ ತಾನು ಓಟ ಶುರು ಮಾಡುವ ಗುರುತಿನ ತನಕ ನಡೆದುಹೋಗಿ ಕುಕ್ಕರಿಸಿದ. ಕೈ ಎದೆಯ ಮೇಲೆ. ಅಂಪೈರ್ ಅತ್ತ ಹೊರಟಿದ್ದ. ಮೈಕು ನನ್ನ ಕೈಯಲ್ಲಿ. ಸುಮ್ಮನಿರಬಹುದಿತ್ತು...

"ಆಂಬ್ಯುಲೆನ್ಸ್ ಕರೀರೆಪಾ! ಎರಡ ಸಿಕ್ಸರ್ ಬಿದ್ದ ಕೂಡ್ಲೇ ಹಾರೂನಗ ಎದಿನೋವ ಸುರು ಆಗೇತಿ!"

ಮುನ್ನೂರು ಜನ ನಕ್ಕರು. ಅಂಪೈರನೂ ನಕ್ಕು ಅರ್ಧದಿಂದ ತಿರುಗಿ ಬಂದ. ಹಾರೂನ ಎದ್ದ. ಪ್ಯಾಂಟಿಗೆ ಹತ್ತಿದ ಮಣ್ಣು ಕೊಡವಿದ. ಓಡಿ ಬಂದ. ಮಧ್ಯದ ಸ್ಟಂಪ್ ಕಿತ್ತು ಬಿತ್ತು. "ಕಿತ್ತ ಒಗದಾ ಹಾರೂನ! ಕಿತ್ತ ಒಗದಾ!" ಎಂದು ನಾನು ಚೀರಿದೆ. ಅವನು ಎರಡೂ ಕೈ ಎತ್ತಿದ. ನಾಲ್ಕು ಹೆಜ್ಜೆ. ಮೊಣಕಾಲೂರಿ ಮುಂದಕ್ಕೆ ಬಾಗಿದ, ಹಣೆ ನೆಲಕ್ಕೆ ತಾಗಿತು.

ಸಜ್ದಾ ಮಾಡುತ್ತಿದ್ದಾನೆ ಅಂದುಕೊಂಡೆವು. ಹಿಂದೊಮ್ಮೆ ಫೈನಲ್ ಗೆದ್ದಾಗ ಹಾಗೇ ದೇವರಿಗೆ ಹಣೆ ಹಚ್ಚಿದ್ದ. ನಾನು ಮೈಕಿನಲ್ಲೂ ಅದನ್ನೇ ಹೇಳಿದೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಎಷ್ಟು ಹೊತ್ತು ಹೊಡೆದೆವೋ. ಕೀಪರ್ ಹೋಗಿ ಭುಜ ಮುಟ್ಟಿದಾಗ ಒಂದು ಬದಿಗೆ ಉರುಳಿದ.

ಯಾರದೋ ಪಿಕಪ್‌ನಲ್ಲಿ ಹಾಕಿಕೊಂಡು ಹೋದರು. ದಾರಿಯಲ್ಲೇ ಮುಗಿಯಿತು. ಆಂಬ್ಯುಲೆನ್ಸ್ ಎಂಬ ಮಾತು ಆ ಮೈದಾನದಲ್ಲಿ ಒಮ್ಮೆಯೇ ಬಂದಿತ್ತು. ನನ್ನ ಬಾಯಿಂದ, ನಗಿಸಲಿಕ್ಕೆ.

ಮಾರ್ಚ್ ೭, ಶುಕ್ರವಾರ

ಮಜರ ವಿಡಿಯೋ ಬಿಟ್ಟಿದ್ದಾನೆ. ಎರಡು ಸಿಕ್ಸರ್, ಹಿಂದೆ ಶೋಕದ ಹಾಡು, ಆಮೇಲೆ ವಿಕೆಟ್, ನನ್ನ ಚೀರು, ಸಜ್ದಾ. ಲಕ್ಷ ಜನ ನೋಡಿದ್ದಾರಂತೆ. ಇಂದು ಬಸ್ಸಿನಲ್ಲಿ ಮೂವರ ಫೋನು ನನ್ನದೇ ದನಿಯಲ್ಲಿ ರಿಂಗಾಯಿತು. "ಕಿತ್ತ ಒಗದಾ ಹಾರೂನ!" ಎರಡನೇ ಸಲ ಕೇಳಿದಾಗ ಟಿಕೆಟ್ ಹರಿಯುವುದನ್ನೇ ಮರೆತೆ.

ಮಧ್ಯಾಹ್ನ ಅವನ ಅಂಗಡಿಗೆ ಹೋದೆ.

"ನಡುವಿಂದು ಎಲ್ಲಿ?"

"ಹನ್ನೆರಡ ಸೆಕೆಂಡ್, ಅಷ್ಟ. ಕಟ್ ಮಾಡೀನಿ."

"ನನ್ನ ಸಲುವಾಗಿ?"

ಅವನು ತಲೆ ಎತ್ತಲಿಲ್ಲ. "ನೀ ಒಬ್ಬನ ಅಲ್ಲ ಅದರಾಗ. ಮುನ್ನೂರ ಮಂದಿ ನಕ್ಕಾರ. ನಾನೂ ನಕ್ಕೀನಿ. ಯಾರಿಗೆ ಬೇಕ ಅದು, ಸೋಮಣ್ಣ?"

"ಒರಿಜಿನಲ್?"

"ಅಳಸೀನಿ. ಲೈವ್‌ನ ಅವತ್ತ ಸಂಜೀಕ ತಗದೀನಿ."

ಹೊರಗೆ ಬಂದಾಗ ಹಗುರಾಗಿತ್ತು ಎದೆ. ನಾಚಿಕೆಗೇಡು, ಆದರೆ ಹಗುರಾದದ್ದು ಖರೇ. ಅದನ್ನೂ ಬರೆದಿಡುತ್ತೇನೆ.

ಮಾರ್ಚ್ ೧೪, ಶುಕ್ರವಾರ

ಮೈದಾನದಲ್ಲಿ ಹಾರೂನನ ಗುರುತಿನ ಸುತ್ತ ಕೆಂಪು ಕಲ್ಲು ನೆಟ್ಟಿದ್ದಾರೆ. ಅಲ್ಲಿಂದ ಇನ್ನು ಯಾರೂ ಬೌಲಿಂಗ್ ಮಾಡುವಂತಿಲ್ಲ. ಅವನ ಏಳು ನಂಬರಿನ ಜರ್ಸಿ ಬಿದಿರಿಗೆ ಕಟ್ಟಿ ನಿಲ್ಲಿಸಿದ್ದಾರೆ. ಆಡಲಿಳಿಯುವ ಮೊದಲು ಒಬ್ಬೊಬ್ಬರೂ ಬಂದು ಆ ಜಾಗ ಮುಟ್ಟಿ ಎದೆಗೆ ಕೈ ಒತ್ತಿಕೊಳ್ಳುತ್ತಾರೆ. ಹಾರೂನ ಕೈ ಇಟ್ಟುಕೊಂಡಿದ್ದ ಕಡೆಯೇ. ಯಾರು ಶುರು ಮಾಡಿದರೋ, ಯಾಕೆಂದು ಯಾರಿಗೂ ಗೊತ್ತಿಲ್ಲ. ಅಥವಾ ಎಲ್ಲರಿಗೂ ಗೊತ್ತಿದೆ.

ಟಿಪ್ಪರುಗಳ ಗಾಜಿನ ಮೇಲೆ ಅವನ ಫೋಟೋ. ಗೋರಿಯ ಮೇಲೆ ಈಗಲೂ ಚೆಂಡು ಇಡುತ್ತಾರಂತೆ. ಶಫೀಸಾಬ ಕಾಕಾ ಪ್ರತಿ ಶುಕ್ರವಾರ ಹೋಗಿ ಆರಿಸಿ ತರುತ್ತಾರಂತೆ.

ಮೈದಾನದಲ್ಲಿ ನಾನೂ ಮುಟ್ಟಿ ಬಂದೆ. ಮುಟ್ಟದಿದ್ದರೆ ಜನ ನೋಡುತ್ತಾರೆ.

ಏಪ್ರಿಲ್ ೧, ಮಂಗಳವಾರ. ಸಂಜೆ

ನಿನ್ನೆ ಈದ್. ಇವತ್ತು ಹಾರೂನನ ಮನೆಗೆ ಹೋದೆ, ಹೋಗದೆ ತಪ್ಪಿಸಿಕೊಳ್ಳಲು ನೆಪ ಉಳಿದಿರಲಿಲ್ಲ. ಈ ಸಲ ಹಬ್ಬದ ಸುರಕುಂಬಾ ಪಾಯಸ ಮಾಡಿಲ್ಲ. ಅವನ ತಂಗಿ ಜಾಸ್ಮೀನ ಚಹಾ ತಂದಳು. ಮೂಲೆಯಲ್ಲಿ ಸಿಮೆಂಟಿನ ಚೀಲ. ತುಂಬ ಟೆನಿಸ್ ಚೆಂಡು.

"ಹೂವಾದ್ರ ಒಣಗತಾವ," ಅಂದರು ಕಾಕಾ. "ಇವನ್ನ ಏನ ಮಾಡ್ಲಿ ಹೇಳು?"

ಆರನೇ ತಾರೀಖಿಗೆ ಹಾರೂನನ ಹೆಸರಿನ ಟ್ರೋಫಿ. ಕಾಮೆಂಟ್ರಿಗೆ ನೀನೇ ಬೇಕು ಅಂದರು. ಹ್ಞೂಂ ಅಂದೆ. ಆಗ ಒಳಕೋಣೆಯ ಪರದೆಯ ಹಿಂದಿನಿಂದ ಅಫ್ರೀನಳ ದನಿ. ಹಾರೂನನ ಹೆಂಡತಿ ಇದ್ದತ್‌ನಲ್ಲಿದ್ದಾಳೆ. ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವಂತಿಲ್ಲ, ಪರ ಗಂಡಸರೆದುರು ಬರುವಂತಿಲ್ಲ.

"ಸೋಮಣ್ಣಾ, ಒಂದ ಮಾತ ಕೇಳ್ಲೇನ್ರಿ?"

"ಕೇಳ ತಂಗಿ."

"ಅವತ್ತ ನಾ ಫೋನಿನ್ಯಾಗ ಲೈವ್ ನೋಡಾಕತ್ತಿದ್ದೆ. ನೆಟ್ ಸುತ್ತಕೋತ ನಿಂತ್ತು. ಮತ್ತ ಬಂದಾಗ ಚಿತ್ರಾ ಇಲ್ಲ, ಆವಾಜ್ ಅಷ್ಟ. ಮಂದಿ ನಗಾಕತ್ತಿದ್ರು. ಮತ್ತ ನಿಂತ್ತು. ಅಷ್ಟೊತ್ತಿಗೆ ಜಾಸ್ಮೀನ ಓಡಿ ಬಂದ್ಲು, ಭಾಯಿ ಬಿದ್ದಾರ ಅಂತ." ಪರದೆಯ ಅಂಚು ಅಲುಗಿತು. "ಅವರ ಬಿದ್ದಿದ್ದಕ್ಕ ನಕ್ರೇನ್ರಿ ಮಂದಿ?"

ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ.

"ಮಜರಣ್ಣನ ವಿಡಿಯೋ ದಿನಾ ನೋಡ್ತೇನ್ರಿ. ಅದರಾಗ ನಗಿ ಎಲ್ಲೂ ಇಲ್ಲ. ನನ್ನ ಕಿವಿಯಾಗ ಮಾತ್ರ ಐತಿ. ಕಣ್ಣ ಮುಚ್ಚಿದ್ರ ಅವರ ಮಣ್ಣಾಗ ಬಿದ್ದಿರ್ತಾರ, ಸುತ್ತ ಮಂದಿ ನಗತಿರ್ತಾರ."

"ನೆಟ್‌ನ ದೋಷ ಇರಬೇಕ ತಂಗಿ. ಬ್ಯಾರೆ ಯಾವುದರ ಆವಾಜ್..." ಅಂದೆ. ಮಾತಿಗೆ ಎಂದೂ ತಡವರಿಸದ ಬಾಯಿ, ಇಂದು ಅಷ್ಟನ್ನೇ ಹೇಳಿತು. ಕಾಕಾ ನೆಲ ನೋಡುತ್ತಿದ್ದರು.

ಗಂಡ ಸತ್ತದ್ದು ಸಾಲದೆಂದು ಇದೊಂದು. ಅವಳ ಎದೆಯ ಮೇಲಿನ ಈ ಕಲ್ಲು ನನ್ನದು. ನಾನಿಟ್ಟದ್ದು.

ಏಪ್ರಿಲ್ ೪, ಶುಕ್ರವಾರ

ಎರಡು ಸಲ ಅವರ ಮನೆಯ ತನಕ ಹೋದೆ. ಎರಡು ಸಲ ಬಾಗಿಲಿಂದ ತಿರುಗಿ ಬಂದೆ.

ಮಜರನಿಗೆ ಹೇಳಿದೆ, ರವಿವಾರ ಮೈಕಿನಲ್ಲೇ ಹೇಳಿಬಿಡುತ್ತೇನೆಂದು. ಶಟರ್ ಅರ್ಧ ಎಳೆದು ಕೂರಿಸಿಕೊಂಡ.

"ಹುಡುಗ್ರು ಅವನ ಹೆಸರ ಕೈಮ್ಯಾಲ ಹಚ್ಚಿ ಹಾಕಿಸಿಕೊಂಡಾರ, ಸೋಮಣ್ಣ. ಅವರಿಗೆ ಏನ ಹೇಳತಿ? ನಿಮ್ಮ ಹೀರೋನ ನಾವ ನಕ್ಕ ನಕ್ಕ ಕೊಂದ್ವಿ ಅಂತನಾ? ನಿನ್ನ ಈ ಊರಾಗ ಬಸ್ ಹತ್ತಾಕ ಬಿಡ್ತಾರೇನ?"

ಹೆದರಿಸುತ್ತಿರಲಿಲ್ಲ. ಅಳುತ್ತಿದ್ದ.

ಜಯಶ್ರೀ ಕೇಳಿದಳು, "ಅಕಿಗಷ್ಟ ಹೋಗಿ ಹೇಳ್ರಿ. ಊರಿಗೆಲ್ಲಾ ಯಾಕ?" ಅವಳ ಮಾತು ಸರಿ. ಆದರೆ ಮೈಕಿಲ್ಲದೆ ನನಗೆ ಬಾಯಿ ಬರುವುದಿಲ್ಲ, ಅದೇ ನನ್ನ ಯೋಗ್ಯತೆ. ಮತ್ತೆ, ನಗಿಸಿದ್ದು ಊರಿಗೆಲ್ಲ ಕೇಳುವಂತೆ. ಒಪ್ಪಿಕೊಳ್ಳುವುದು ಮಾತ್ರ ಪರದೆಯ ಹಿಂದೆಯೇ?

ಏಪ್ರಿಲ್ ೬, ರವಿವಾರ. ಸಂಜೆ ಆರು

ಆದದ್ದು ಆದ ಹಾಗೆ ಬರೆಯುತ್ತೇನೆ.

ಸಾವಿರ ಜನ ಇದ್ದರು. ಕ್ಯಾಪ್ಟನ್‌ಗಳಿಬ್ಬರೂ ಚೆಂಡು ಒಯ್ದು ಕೆಂಪು ಕಲ್ಲುಗಳ ನಡುವೆ ಇಟ್ಟರು. ಎಲ್ಲರೂ ಎದ್ದು ಎದೆಯ ಮೇಲೆ ಕೈ ಇಟ್ಟುಕೊಂಡರು. ಒಂದು ನಿಮಿಷ ಮೌನ. ಮೌನ ಮುಗಿಯಿತು ಎಂದು ಹೇಳಬೇಕಾದವನು ನಾನು. ಚೆಂಡಿಟ್ಟು ಬಂದು ಲೈವ್ ಕ್ಯಾಮೆರಾದ ಹಿಂದೆ ನಿಂತಿದ್ದ ಮಜರ ತಲೆ ಅಲ್ಲಾಡಿಸಿದ. ಬೇಡ, ಬೇಡ ಎಂದು.

"ಅವತ್ತ ಹಾರೂನ ಇಲ್ಲೇ ಎದಿ ಹಿಡಕೊಂಡ ಕುಂತಿದ್ದಾ," ಅಂದೆ. "ಅದು ವಿಡಿಯೋದಾಗ ಇಲ್ಲ. ಆವಾಗ ನಾ ಅಂದೆ..."

ಅಂದಿನ ಮಾತನ್ನು ಹಾಗೇ ಅಂದೆ. ಆಂಬ್ಯುಲೆನ್ಸ್, ಸಿಕ್ಸರ್, ಎದೆನೋವು. ಬೇರೆ ದನಿಯಲ್ಲಿ ಹೇಳಬೇಕೆಂದಿದ್ದೆ. ಬಾಯಿ ಕೇಳಲಿಲ್ಲ, ಅದೇ ಏರಿಳಿತ ಬಂತು. ಜನ ನಕ್ಕರು.

ಮೊದಲು ಮರದ ಬುಡದಲ್ಲಿ ಯಾರೋ. ಆಮೇಲೆ ಬಹಳ ಜನ. ನನ್ನ ದನಿಗೆ ನಕ್ಕು ರೂಢಿ ಅವರಿಗೆ. ಎರಡು ಸೆಕೆಂಡು ಇರಬಹುದು. ತಾವೇ ಬೆಚ್ಚಿ ನಿಲ್ಲಿಸಿದರು. ಎದೆಯ ಮೇಲಿಟ್ಟ ಕೈ ಇನ್ನೂ ಹಾಗೇ ಇತ್ತು.

"ಹಾರೂನನ ಮನ್ಯಾಗ ಕೇಳಾಕತ್ತವರಿಗೆ ಹೇಳ್ತೇನಿ," ಅಂದೆ. ಹೆಸರು ಹಿಡಿಯಲಿಲ್ಲ. "ಅವತ್ತ ನಿಮಗ ಕೇಳಿಸಿದ ನಗಿ ಇದ. ಅವಾ ಬಿದ್ದಿದ್ದಕ್ಕ ಯಾರೂ ನಕ್ಕಿಲ್ಲ. ನನ್ನ ಮಾತಿಗೆ ನಕ್ರು. ಕುಂತವನ್ನ ನಾ ಎಬ್ಬಿಸಿದೆ."

ಮೈಕು ಸತ್ತಿತು. ಯಾರೋ ವೈರು ಕಿತ್ತಿದ್ದರು. ಒಂದು ನೀರಿನ ಬಾಟಲಿ ನನ್ನ ಕಿವಿಯ ಪಕ್ಕದಲ್ಲಿ ಹೋಯಿತು, ಇನ್ನೊಂದು ಬೆನ್ನಿಗೆ ಬಿತ್ತು. ಸಾಂಖಳಿಯ ಕ್ಯಾಪ್ಟನ್ ನನ್ನನ್ನು ಸ್ಕೂಟರ್ ಹತ್ತಿಸಿ ಮನೆಗೆ ಬಿಟ್ಟು ಹೋದ.

ಆಟ ನಡೆಯಿತಂತೆ, ಕಾಮೆಂಟ್ರಿ ಇಲ್ಲದೆ.

ಏಪ್ರಿಲ್ ೮, ಮಂಗಳವಾರ

ಬಸ್ಸಿನ ಮಾಲೀಕ ಸ್ವಲ್ಪ ದಿನ ಬರಬೇಡ ಅಂದಿದ್ದಾನೆ. ಮಜರ ಹೊಸ ವಿಡಿಯೋ ಬಿಟ್ಟಿದ್ದಾನೆ, ನನ್ನ ದನಿ ಇಲ್ಲ, ಬರೀ ಹಾಡು. ನಾಕಾದಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದು ನಕ್ಕವರೆಲ್ಲ ಇಂದು ನನ್ನೊಬ್ಬನ ಮುಖ ನೋಡುವುದಿಲ್ಲ.

ಹಾರೂನನ ಮನೆಯಿಂದ ಏನೂ ಸುದ್ದಿ ಇಲ್ಲ.

ಏಪ್ರಿಲ್ ೯, ಬುಧವಾರ. ಬೆಳಿಗ್ಗೆ ಹನ್ನೊಂದು

ಜಾಸ್ಮೀನ ಬಂದಿದ್ದಳು. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತಳು, ಜಯಶ್ರೀ ಪಕ್ಕದಲ್ಲಿ.

"ಭಾಬಿ ಪೂರಾ ಕೇಳ್ಯಾಳ್ರಿ. ಸಿಟ್ಟಿಲ್ಲ ಅಂತ ಹೇಳ ಅಂದ್ಲು. ನಿನ್ನಿ ರಾತ್ರಿ ನಿದ್ದಿ ಮಾಡ್ಯಾಳ." ಸೆರಗಿನ ತುದಿ ಸುತ್ತುತ್ತಾ ನಿಂತಳು. "ಒಂದ ಕೇಳಿಕೊಂಡ ಬಾ ಅಂದಾಳ. ನೀವ ಹಂಗ ಅಂದಾಗ ಅವರೂ ನಕ್ರೇನು?"

"ನಕ್ಕಾ," ಅಂದೆ. ತಡಮಾಡಲೇ ಇಲ್ಲ. "ಎಲ್ಲಾರಕಿಂತ ಜೋರ ಅವನ ನಕ್ಕಾ. ನಕ್ಕೋತನ ಎದ್ದಾ ಅಂತ ಹೇಳ ತಂಗಿ."

ಅವಳ ಮುಖ ಸಡಿಲಾಯಿತು. ಕಣ್ಣೊರೆಸಿಕೊಂಡು ಹೊರಟಳು, ಹೆಚ್ಚುಕಡಿಮೆ ಓಡುತ್ತಾ.

ಅವನು ನಕ್ಕನೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳು ಹೋದಾಗಿನಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಎದ್ದದ್ದು ನೆನಪಿದೆ. ಮಣ್ಣು ಕೊಡವಿದ್ದು ನೆನಪಿದೆ. ಮುಖ ಮಾತ್ರ ಇಲ್ಲ. ನಾನು ಅವನ ಕಡೆ ನೋಡಿರಲೇ ಇಲ್ಲ. ನಗುವವರ ಕಡೆ ನೋಡುತ್ತಿದ್ದೆ — ಎಷ್ಟು ಜನ ನಕ್ಕರು ಎಂದು, ಹಿಂದಿನ ಸಾಲಿನವರೂ...