ತಂಗೆವ್ವನ ವಾರಸಾ

ಶಲವಡಿ,
ಸೋಮವಾರ, ೯ ಡಿಸೆಂಬರ್ ೨೦೨೪

ಪ್ರೀತಿಯ ಮಗಳು ಸುಮಂಗಲಾಳಿಗೆ ನಿನ್ನ ಅವ್ವನ ತುಂಬು ಮನಸ್ಸಿನ ಹರಕೆ.

ಹೇಗಿದ್ದೀ? ಅಳಿಯಂದಿರು ಆರಾಮಾಗಿದ್ದಾರೆಯೇ? ಮೊಮ್ಮಗಳು ಐಶ್ವರ್ಯಳ ಕೆಮ್ಮು ಕಡಿಮೆಯಾಯಿತೋ ಇಲ್ಲವೋ? ಶುಂಠಿ, ಮೆಣಸು ಕುದಿಸಿ ಬೆಲ್ಲ ಹಾಕಿ ಕುಡಿಸು ಅಂತ ಫೋನಿನಲ್ಲಿ ಹೇಳಿದ್ದೆ. ನೀನು ಹೂಂ ಅಂದೆ, ಕುಡಿಸಿದೆಯೋ ಬಿಟ್ಟೆಯೋ ತಿಳಿಯಲಿಲ್ಲ. ಫೋನಿನಲ್ಲಿ ನಮ್ಮ ಮಾತು ಊಟ ಆಯಿತೇ, ನೀರು ಬಂತೇ ಅನ್ನುವುದರ ಮುಂದೆ ಹೋಗುವುದೇ ಇಲ್ಲ. ಅದಕ್ಕೇ ಕಾಗದ ಹಿಡಿದು ಕೂತೆ. ಹೆಂಡತಿ ಮುಲ್ಕಿ ಪರೀಕ್ಷೆ ಪಾಸಾದವಳು ಅಂತ ನಿಮ್ಮಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರಲ್ಲ, ಅವರ ಮಾತು ಸುಳ್ಳಾಗಬಾರದು ನೋಡು. ನನ್ನ ಮೊಣಕಾಲು ಇದ್ದ ಹಾಗೇ ಇದೆ. ಏಳುವಾಗ ‘ಶಿವನೇ’, ಕೂಡುವಾಗ ‘ಬಸವಣ್ಣಾ’. ಸೊಸೆ ಗಂಗಾ ಎಣ್ಣೆ ತಿಕ್ಕುತ್ತಾಳೆ. ಒಳ್ಳೆಯವಳು, ಆದರೆ ಸಾರಿಗೆ ಉಪ್ಪು ಹಾಕುವುದನ್ನು ದೇವರೇ ಬಂದು ಕಲಿಸಬೇಕು.

ಈ ಸಲ ನಮ್ಮ ಎರೆಹೊಲದಲ್ಲಿ ಕಡಲೆ ಅಗದಿ ಚೆನ್ನಾಗಿ ಬಂದಿದೆ. ಹಾಗಾಗಿ ಚಿಗರಿಗಳಿಗೂ ಆಮಂತ್ರಣ ಕೊಟ್ಟಂತಾಗಿದೆ, ಹಿಂಡು ಹಿಂಡೇ ಬಂದು ಕುಡಿ ಮೇದು ಹೋಗುತ್ತವೆ. ನಿನ್ನ ತಮ್ಮ ಹೇಮಂತ ಹೊಲದ ಸುತ್ತ ಹಳೆಯ ಸೀರೆಗಳನ್ನು ಕಟ್ಟಿದ್ದಾನೆ. ಅದರಲ್ಲಿ ನನ್ನ ಮದುವೆಯ ಇಳಕಲ್ ಸೀರೆಯೂ ಸೇರಿಬಿಟ್ಟಿದೆ. ಚಿಗರಿಗಳು ಅದರ ಸೆರಗು ಸರಿಸಿಯೇ ಒಳಗೆ ಬರುತ್ತವಂತೆ. ನಿಮ್ಮಪ್ಪ ಇದ್ದಿದ್ದರೆ ಹೊತ್ತು ಮುಳುಗುವಾಗ ಬದುವಿನ ಮೇಲೆ ನಿಂತು, ಬಂದೂಕನ್ನು ಮುಗಿಲಿಗೆ ಎತ್ತಿ ಒಂದೇ ಒಂದು ಈಡು ಹಾರಿಸುತ್ತಿದ್ದರು. ಇಡೀ ಹಿಂಡು ಜಿಗಿಯುತ್ತ ಓಡುವುದನ್ನು ನೋಡಿ ನೀನು ಚಪ್ಪಾಳೆ ತಟ್ಟುತ್ತಿದ್ದೆ. ಒಂದು ಪ್ರಾಣಿಗೂ ಅವರು ಗುರಿ ಇಟ್ಟವರಲ್ಲ. ‘ಅವಕ್ಕೂ ಹೊಟ್ಟಿ ಐತಿ, ಸಪ್ಪಳಾ ಕೇಳಿಸಿ ಕಳಿಸಿದ್ರ ಸಾಕು’ ಅನ್ನುತ್ತಿದ್ದರು. ಆಮೇಲೆ ಅಪ್ಪ ಮಗಳು ಕೂಡಿ ಹಸಿ ಕಡಲೆ ಗಿಡ ಸುಟ್ಟು ತಿಂದು, ಬಾಯಿ ಕೈ ಕಪ್ಪು ಮಾಡಿಕೊಂಡು ಮನೆಗೆ ಬರುತ್ತಿದ್ದಿರಿ. ನಾನು ಇಬ್ಬರನ್ನೂ ಬೈಯುತ್ತಿದ್ದೆ. ಈಗ ಬೈಯಲಿಕ್ಕೆ ಇಬ್ಬರೂ ಇಲ್ಲ, ಮನೆ ಬಿಕೋ ಅನ್ನುತ್ತದೆ.

ಆ ಬಂದೂಕಿಗೆ ತಂಗೆವ್ವ ಅಂತ ಹೆಸರು ಬಿದ್ದದ್ದು ನಿನ್ನಿಂದ, ನಿನಗೆ ನೆನಪಿರಲಿಕ್ಕಿಲ್ಲ. ಅದು ಮೊದಲು ನಿಮ್ಮಪ್ಪನ ಅಪ್ಪನ ಹೆಸರಿನಲ್ಲಿತ್ತು, ನಿನ್ನ ಮುತ್ಯಾ ಲಿಂಗೈಕ್ಯರಾದ ಮೇಲೆ ನವಲಗುಂದದ ಠಾಣೆಯಲ್ಲಿ ಬಹಳ ದಿನ ಕೂತಿತ್ತು. ನಿಮ್ಮಪ್ಪ ನಿನ್ನ ಕಾಕಂದಿರ ಸಹಿ, ಆಯಿಯ ಹೆಬ್ಬೆಟ್ಟು ತೆಗೆದುಕೊಂಡು, ತಮ್ಮ ಹೆಸರಿಗೆ ಲೈಸನ್ಸು ಮಾಡಿಸಿ ಬಿಡಿಸಿಕೊಂಡು ಬಂದರು. ನೀನಾಗ ಮೂರು ವರ್ಷದವಳು. ಬಾಜು ಮನೆಯಲ್ಲಿ ಕೂಸು ಹುಟ್ಟಿತ್ತು, ನನಗೂ ತಂಗಿ ಬೇಕು ಅಂತ ಒಂದೇ ಸಮನೆ ಗಂಟು ಬಿದ್ದಿದ್ದೆ. ಅವರು ಬಂದೂಕನ್ನು ಕಂಬಳಿಯಲ್ಲಿ ಸುತ್ತಿ, ಎದೆಗೆ ಅಪ್ಪಿಕೊಂಡು ಬಸ್ಸಿಳಿದರು. ‘ತಂಗೀನ ತಂದ್ಯಾ ಅಪ್ಪಾ?’ ಅಂತ ನೀನು ಓಡಿದೆ. ‘ಹೌದಬೇ, ತಂಗೆವ್ವ ಬಂದ್ಲು ನೋಡು’ ಅಂದರು. ಕಂಬಳಿ ಬಿಚ್ಚಿದ ಮೇಲೆ ನೀನು ಅತ್ತಿದ್ದೇ ಅತ್ತಿದ್ದು, ಅವರು ನಕ್ಕಿದ್ದೇ ನಕ್ಕಿದ್ದು. ಅವತ್ತಿನಿಂದ ಅದಕ್ಕೆ ಅದೇ ಹೆಸರು. ಹೇಮಂತ ಹುಟ್ಟಿದ ಮೇಲೆ ಯಾರು ಮಕ್ಕಳೆಷ್ಟು ಅಂತ ಕೇಳಿದರೂ ಅವರದು ಒಂದೇ ಮಾತು: ‘ಗಂಡು ಒಂದು, ಹೆಣ್ಣು ಎರಡು. ಒಬ್ಬಾಕಿ ಮಾತಾಡ್ತಾಳ, ಒಬ್ಬಾಕಿ ಸಿಡೀತಾಳ. ಸಿಡಿಯಾಕೀನ ಸಂಭಾಳಿಸೂದು ಸಲೀಸು.’

ಚುನಾವಣೆ ಬಂತೆಂದರೆ ಊರಿನ ಬಂದೂಕುಗಳೆಲ್ಲ ಠಾಣೆಗೆ ಹೋಗಬೇಕಲ್ಲ. ಆಗ ಅವರು ‘ತಂಗೆವ್ವ ತವರಿಗೆ ಹೊಂಟಾಳ’ ಅನ್ನುತ್ತಿದ್ದರು. ಒಂದು ವರ್ಷ ಪಂಚಾಯಿತಿ ಚುನಾವಣೆ ಸರಿಯಾಗಿ ಮಹಾನವಮಿಗೇ ಬಂದು ಕೂತಿತು. ಆಯುಧಪೂಜೆಯ ದಿನ ತಂಗೆವ್ವ ಮನೆಯಲ್ಲಿಲ್ಲ. ಕುಡುಗೋಲು, ಕುಂಟೆ, ರಂಟೆ ಎಲ್ಲಕ್ಕೂ ವಿಭೂತಿ ಹಚ್ಚಿ ಮುಗಿಸಿದವರು ಸುಮ್ಮನೆ ಕಟ್ಟೆಯ ಮೇಲೆ ಕೂತರು. ಊಟಕ್ಕೆ ಕರೆದರೆ ಬರಲೊಲ್ಲರು. ಕೊನೆಗೆ ನಾನೇ ಹೋಳಿಗೆಯ ಬುತ್ತಿ ಕಟ್ಟಿ, ಚೆಂಡುಹೂವು ಕೊಟ್ಟು ಕಳಿಸಿದೆ. ಠಾಣೆಯವರು ಮೊದಲು ಬೈದರಂತೆ. ಆಮೇಲೆ ಅಲ್ಲಿಟ್ಟಿದ್ದ ಬಂದೂಕುಗಳಿಗೆಲ್ಲ ಇವರ ಕೈಯಿಂದಲೇ ಪೂಜೆ ಮಾಡಿಸಿ, ಹೋಳಿಗೆ ತಿಂದು, ತುಪ್ಪ ಕಡಿಮೆ ಆಯಿತು ಅಂತ ತಕರಾರು ಮಾಡಿದರಂತೆ. ಆ ಕಥೆಯನ್ನು ಅವರು ಎಷ್ಟು ಸಲ ಹೇಳಿದರೋ, ಪ್ರತಿ ಸಲವೂ ಹೋಳಿಗೆ ತಿಂದ ಪೊಲೀಸರ ಸಂಖ್ಯೆ ಏರುತ್ತಿತ್ತು.

ಈ ವರ್ಷ ಲೋಕಸಭೆಯ ಚುನಾವಣೆಗೆ ಅಂತ ತಂಗೆವ್ವನನ್ನು ಅಣ್ಣಿಗೇರಿಯ ಠಾಣೆಗೆ ಬಿಟ್ಟು ಬಂದವರು, ಫಲಿತಾಂಶ ಬಂದ ಮೇಲೆ ಕರೆದುಕೊಂಡು ಬರುತ್ತೇನೆ ಅಂದಿದ್ದರು. ಅಷ್ಟರಲ್ಲಿ ಹಾಸಿಗೆ ಹಿಡಿದರು, ಮುಂದಿನದು ನಿನಗೇ ಗೊತ್ತು. ಅವರ ಕೈಯ ಸಾಮಾನುಗಳಲ್ಲಿ ಅದೊಂದೇ ಮನೆಗೆ ಬರದೆ ಉಳಿದದ್ದು.

ಈಗ ವಾರಸಾದ ಸುದ್ದಿ. ಅಳಿಯಂದಿರಿಗೂ ಇದನ್ನು ಓದಿ ಹೇಳು. ದಾಳಿಂಬೆ ತೋಟಕ್ಕೆ ಹಂದಿ ಬರುತ್ತವೆ, ಬಂದೂಕು ಜತ್ತಕ್ಕೆ ಬರಲಿ ಅಂತ ಅವರು ಅಂದ ದಿನವೇ ಹೇಮಂತ ಒಪ್ಪಿದ. ‘ನನಗ ಬ್ಯಾಡವ್ವಾ, ಅಕ್ಕಗ ಕೊಟ್ಟುಬಿಡೂಣು’ ಅಂದ. ಆದರೆ ಅದು ಹೋಳಿಗೆಯ ಬುತ್ತಿಯಲ್ಲವಲ್ಲ, ಕಟ್ಟಿ ಬಸ್ಸಿನಲ್ಲಿ ಕಳಿಸಲಿಕ್ಕೆ. ಉಳಿದ ವಾರಸುದಾರರು ನಮ್ಮ ತಕರಾರಿಲ್ಲ ಅಂತ ಸಹಿ ಮಾಡಬೇಕು. ಅಲ್ಲಿ ಮಹಾರಾಷ್ಟ್ರದಲ್ಲಿ, ನಿಮ್ಮ ಜಿಲ್ಲೆಯಲ್ಲಿ ನಿನ್ನ ಹೆಸರಿಗೆ ಲೈಸನ್ಸು ಆಗಬೇಕು. ಇಲ್ಲಿಯ ಕಚೇರಿ ಒಪ್ಪಿಗೆ ಕೊಡಬೇಕು, ರಾಜ್ಯ ದಾಟಿಸಲಿಕ್ಕೆ ಮತ್ತೊಂದು ಪರವಾನಗಿ ಬೇಕು. ಕಾಗದವಿಲ್ಲದೆ ಗಡಿ ದಾಟಿದರೆ ಬಂದೂಕಿನ ಜೊತೆ ಒಯ್ದವರೂ ಒಳಗೆ.

ಇಷ್ಟರ ನಡುವೆ ಒಂದು ಫಜೀತಿ ಆಯಿತು ನೋಡು. ವಾರಸುದಾರರು ಯಾರು ಯಾರು ಅಂತ ವಿಚಾರಿಸಲು ಕಂದಾಯ ಇಲಾಖೆಯ ಹೊಸ ತಲಾಟಿ ಬಂದಿದ್ದಳು. ಮಂಡ್ಯದ ಕಡೆಯ ಹುಡುಗಿ, ಊರಿಗೆ ಹೊಸಬಳು. ಹೇಮಂತ ಹೊಲದಲ್ಲಿ, ನಾನು ಮಠದಲ್ಲಿ. ಬಾಜು ಮನೆಯ ಮಡಿವಾಳೆಪ್ಪಕಾಕಾ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಅವನಿಗೆ ಚೇಷ್ಟೆ ಮಾಡದಿದ್ದರೆ ಉಂಡ ಅನ್ನ ಕರಗುವುದಿಲ್ಲವಲ್ಲ. ‘ಗುಡದಪ್ಪಗ ಗಂಡು ಒಂದು, ಹೆಣ್ಣು ಎರಡು ನೋಡ್ರಿ. ದೊಡ್ಡಾಕಿ ಸುಮಂಗಲಾ, ಜತ್ತಕ್ಕ ಕೊಟ್ಟಾರ. ಸಣ್ಣಾಕಿ ತಂಗೆವ್ವ’ ಅಂದ. ತಂಗೆವ್ವ ಎಲ್ಲಿದ್ದಾರೆ ಅಂತ ಆಕೆ ಕೇಳಿದಳು. ‘ಅಣ್ಣಿಗೇರಿ ಪೊಲೀಸ್ ಠಾಣೇದಾಗ ಅದಾಳ್ರಿ’ ಅಂದ. ಪಾಪದ ಹುಡುಗಿ, ನೌಕರಿಯಲ್ಲಿದ್ದಾಳೆ ಅಂದುಕೊಂಡು ‘ಪೊಲೀಸ್ ಇಲಾಖೆ’ ಅಂತ ಬರೆದೇ ಬಿಟ್ಟಳು. ಇವನು ನಮಗೂ ಹೇಳಲಿಲ್ಲ. ವಂಶಾವಳಿಯಲ್ಲಿ ನಿನ್ನ ಹೆಸರಿನ ಕೆಳಗೆ ತಂಗೆವ್ವ ಬಂದು ಕೂತಳು!

ಹೇಮಂತ ಅದನ್ನು ಸರಿಯಾಗಿ ನೋಡದೆ ಧಾರವಾಡದ ಕಚೇರಿಗೆ ಒಯ್ದ. ತಂಗೆವ್ವ ಅನ್ನುವ ವಾರಸುದಾರಳ ಸಹಿ ಎಲ್ಲಿ ಅಂತ ಅಲ್ಲಿಯವರು ಕೇಳಿದರು. ಇವನು ‘ಸಾಹೇಬ್ರ, ಆಕಿನ್ನ ವರ್ಗಾ ಮಾಡ್ಸಾಕ ನಾ ಬಂದೇನ್ರಿ’ ಅಂದ. ಬಂದೂಕೇ ಬಂದೂಕಿಗೆ ವಾರಸುದಾರಳು ಅಂತ ತಿಳಿದು ಇಡೀ ಕೋಣೆ ನಕ್ಕಿತಂತೆ. ನಿಮ್ಮಪ್ಪ ಇರಬೇಕಾಗಿತ್ತು, ಈ ಕಥೆ ಹೇಳುತ್ತ ಹತ್ತು ವರ್ಷ ಕಳೆಯುತ್ತಿದ್ದರು. ಆ ಹುಡುಗಿ ಮಾತ್ರ ಅಳುಮುಖ ಮಾಡಿಕೊಂಡು ಬಂದು ಎಲ್ಲ ತಿದ್ದಿಕೊಟ್ಟಳು. ನಾನು ಅವಳಿಗೆ ಚಹಾ ಕೊಟ್ಟೆ, ಮಡಿವಾಳೆಪ್ಪನಿಗೆ ಬೈಗುಳ ಕೊಟ್ಟೆ.

ಆದರೆ ಅದರಿಂದ ಒಂದು ತೊಡಕು ಹುಟ್ಟಿದೆ. ಒಮ್ಮೆ ಇಲ್ಲದ ಮಗಳನ್ನು ಬರೆಸಿದವರು ನೀವು, ಈಗ ಇರುವ ಮಗಳನ್ನು ಎದುರಿಗೆ ತಂದು ನಿಲ್ಲಿಸಿ ಅನ್ನುತ್ತಿದ್ದಾರೆ ಕಚೇರಿಯವರು. ಆದ್ದರಿಂದ ನೀನೇ ಬರಬೇಕು, ಐಶ್ವರ್ಯಳನ್ನೂ ಕರೆತರಬೇಕು. ನಿಮ್ಮಿಬ್ಬರ ಆಧಾರ್ ಕಾರ್ಡು, ನಿನ್ನ ಬ್ಯಾಂಕಿನ ಪುಸ್ತಕ, ಕೂಸಿನ ಜನನ ದಾಖಲೆ, ಶಾಲೆಯ ದಾಖಲೆ ಎಲ್ಲ ಮೂಲಪ್ರತಿಯೇ ಬೇಕಂತೆ. ಎಳ್ಳಮಾವಾಸ್ಯೆಯೂ ಹತ್ತಿರ ಬಂತು. ಅದಕ್ಕೆ ಮೊದಲು ಬಂದರೆ ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿದ ಹಾಗೂ ಆಗುತ್ತದೆ, ಕಚೇರಿಯ ಕೆಲಸವೂ ಆಗುತ್ತದೆ. ಹೇಮಂತನ ಸಹಿ ಆಗಿದೆ, ಉಳಿದದ್ದು ನನ್ನದೊಂದೇ. ಅಳಿಯಂದಿರು ವಾರಕ್ಕೆರಡು ಸಲ ‘ಅತ್ತಿಯವ್ರ, ಸಹಿ ಆತೇನ್ರಿ?’ ಅಂತ ಕೇಳುತ್ತಾರೆ. ಮಗಳು ಮೊಮ್ಮಗಳು ಹೊಸ್ತಿಲು ದಾಟಿ ಒಳಗೆ ಬಂದ ದಿನ ಪೆನ್ನು ಹಿಡಿಯುತ್ತೇನೆ ಅಂತ ಅವರಿಗೆ ಹೇಳು. ತೋಟ ಬಿಟ್ಟು ಅವರೇಕೆ ತ್ರಾಸು ತೆಗೆದುಕೊಳ್ಳಬೇಕು, ನಿಮ್ಮಿಬ್ಬರನ್ನೇ ಕಳಿಸಿದರೆ ಸಾಕು.

ಹೋರಿ ವ್ಯಾಪಾರದ ಮಹಬೂಬಸಾಬ ಜತ್ತದ ಸಂತೆಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಈ ಕಾಗದ ಮತ್ತು ಒಂದು ಡಬ್ಬಿ ಶೇಂಗಾ ಚಟ್ನಿ ಕಳಿಸಿದ್ದೇನೆ. ಚಟ್ನಿಯನ್ನು ನೀನೇ ಬೇರೆ ಪಾತ್ರೆಗೆ ಸುರುವಿಕೊಂಡು ಡಬ್ಬಿ ತೊಳೆದಿಡು, ಬರುವಾಗ ತರಬೇಕು. ಅಳಿಯಂದಿರಿಗೆ ನನ್ನ ಶರಣು ಹೇಳು. ಐಶ್ವರ್ಯಳಿಗೆ ಎರಡೂ ಕೆನ್ನೆಗೆ ಮುತ್ತು. ನಿನಗೆ ನಿಮ್ಮಪ್ಪನ ಆಶೀರ್ವಾದವನ್ನೂ ನಾನೇ ಬರೆಯುತ್ತಿದ್ದೇನೆ.

ನಿನ್ನ ಅವ್ವ,
ಮಲ್ಲಕ್ಕ

ತಾ.ಕ. ಈ ಚೀಟಿ ನಿನಗೊಬ್ಬಳಿಗೇ. ಅದಕ್ಕೇ ಚಟ್ನಿಯ ತಳದಲ್ಲಿ ಇಟ್ಟಿದ್ದೇನೆ. ಓದಿದ ಕೂಡಲೇ ಒಲೆಗೆ ಹಾಕು. ಕಚೇರಿಯವರು ನಿನ್ನನ್ನು ಕರೆದಿಲ್ಲ, ಸುಮಂಗಲಾ. ಮೂಲ ದಾಖಲೆಗಳನ್ನೂ ಕೇಳಿಲ್ಲ. ತಂಗೆವ್ವನ ಫಜೀತಿ ನಿಜ, ಅದರ ಮುಂದಿನದು ನಾನು ಕಟ್ಟಿದ್ದು. ಅಪ್ಪನ ಕಾರ್ಯಕ್ಕೆ ಬಂದಾಗ ನಿನ್ನ ತಲೆ ಬಾಚಬೇಕೆಂದು ನಾನು ಕೈ ಎತ್ತಿದೆ, ನೀನು ಮುಖಕ್ಕೆ ಮೊಣಕೈ ಅಡ್ಡ ಹಿಡಿದೆ. ಹೆತ್ತ ತಾಯಿಯ ಕೈಗೆ! ಆಮೇಲೆ ಕುತ್ತಿಗೆಯ ಹಿಂದಿನ ಕಲೆಯನ್ನೂ ನೋಡಿದೆ, ನೀನು ಎಮ್ಮೆಯ ಕೋಡು ಅಂದೆ. ಬಂದೂಕು ಬೇಕು ಅಂತ ಇವತ್ತಿನ ತನಕ ನಿನ್ನ ಬಾಯಿಂದ ಒಂದು ಮಾತು ಬಂದಿಲ್ಲ, ಕೇಳುವವನು ನಿನ್ನ ಗಂಡ ಕಾಶಿನಾಥನೇ. ಲೈಸನ್ಸು ಯಾರ ಹೆಸರಿಗಾದರೂ ಆಗಲಿ, ಅದು ನೇತಾಡುವುದು ನೀನು ಮಲಗುವ ಮನೆಯ ಗೋಡೆಗೆ. ಹೇಮಂತನಿಗೆ ನಿನ್ನೆ ಎಲ್ಲ ಹೇಳಿದೆ. ಹುಡುಗ ಉಣ್ಣದೆ ಎದ್ದು ಹೋದ. ವಿಜಾಪುರಕ್ಕೆ ಬಂದು ಹುಬ್ಬಳ್ಳಿಯ ರೈಲು ಹತ್ತು, ಅಣ್ಣಿಗೇರಿ ಸ್ಟೇಶನ್ನಿನಲ್ಲಿ ಅವನು ನಿಂತಿರುತ್ತಾನೆ. ದಾಖಲೆಗಳನ್ನು ಮಾತ್ರ ಮರೆಯಬೇಡ, ಕೂಸನ್ನು ಇಲ್ಲಿಯ ಶಾಲೆಗೆ ಹಾಕಲಿಕ್ಕೆ ಬೇಕು. ಬಂದ ಮೇಲೆ ತಿರುಗಿ ಹೋಗುವುದು, ಇಲ್ಲೇ ಇರುವುದು ನಿನ್ನ ಕೈಯಲ್ಲಿದೆ. ಸಹಿ ನನ್ನ ಕೈಯಲ್ಲಿದೆ. ಅದನ್ನು ನಾನು ಹಾಕುವುದಿಲ್ಲ.