ಮೀನುಪೇಟೆಯ ಹಿಂದಿನ ಕೋಣೆ

ಕಾರವಾರ
12 ನವೆಂಬರ್ 2025, ಬುಧವಾರ

ಅತ್ತೆಗೆ ಹೀರಾ ಮಾಡುವ ನಮಸ್ಕಾರ.

ಇಷ್ಟು ತಿಂಗಳು ಸುದ್ದಿಯಿಲ್ಲದೆ ಕೂತೆ ಎಂದು ಬೈಯಬೇಡಿ. ಬೈಯುವುದಿದ್ದರೂ ಪೂರ್ತಿ ಕೇಳಿ ಆಮೇಲೆ ಬೈಯಿರಿ. ಫೋನು ಮಾಡಿದರೆ ನಿಮ್ಮ ಮಗ ಎತ್ತುತ್ತಾನೆ, ನನ್ನ ದನಿ ಕೇಳಿದ ಕೂಡಲೇ ಇಡುತ್ತಾನೆ. ಹೌದು, ಎತ್ತುತ್ತಾನೆ ಎಂದೇ ಬರೆದೆ. ಗಂಡನಿಗೆ ಕೊಡುವ ಬಹುವಚನ ಖರ್ಚಾಗಿ ಹೋಗಿದೆ. ಮೀನಿನ ಟೆಂಪೋದ ಬೀರು ಈ ಕಾಗದವನ್ನು ಬೇಲೆಕೇರಿಗೆ ತಂದು ಅಂಗನವಾಡಿಯ ದೀಪಕ್ಕೋರಿಗೆ ಕೊಡುತ್ತಾನೆ, ಅವರು ನಿಮಗೆ ಓದಿ ಹೇಳುತ್ತಾರೆ. ದೀಪಕ್ಕೋರೇ, ನನ್ನ ಅಕ್ಷರ ನೋಡಿ ನಗಬೇಡಿ.

ಮೊದಲು ನಾನಿರುವ ಜಾಗ ಹೇಳುತ್ತೇನೆ. ಕಾರವಾರ ಪೇಟೆಯ ನಟ್ಟನಡುವೆ, ಮೀನು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಹಳೇ ಹಂಚಿನ ಕಟ್ಟಡದ ಮಾಳಿಗೆಯ ಮೇಲೆ ಒಂದು ಕೋಣೆ. ಕೋಡಿಬಾಗದಲ್ಲೂ ಹುಡುಕಿದ್ದೆ. ಅಲ್ಲಿ ಹೊಳೆಗಾಳಿ ಚೆನ್ನ, ಆದರೆ ಬಾಡಿಗೆ ನನಗೆ ಎಟುಕುವಂಥದ್ದಲ್ಲ. ಇಲ್ಲಿ ಪೇಟೆಯೊಳಗಿದ್ದೂ ಬಾಡಿಗೆ ಕಡಿಮೆ ಯಾಕೆಂದರೆ, ಮೀನಿನ ವಾಸನೆ ಎಂದು ಆಫೀಸಿನವರು ಯಾರೂ ಬರುವುದಿಲ್ಲವಂತೆ. ಮನೆಯೊಡತಿ ಲಲಿತಾಬಾಯಿ ಕೀಲಿ ಕೊಡುವಾಗ ಸಂಕೋಚದಿಂದಲೇ ಹೇಳಿದರು, "ಸ್ವಲ್ಪ ವಾಸನೆ ಬತ್ತದೆ ನೋಡು. ಆಮೇಲೆ ನಂಗೆ ಬಂದು ಹೇಳೂದಲ್ಲ." ನನಗೆ ನಗು ತಡೆಯಲಿಲ್ಲ. "ಹೆದರಬೇಡಿ ಬಾಯಿ, ಅದರಲ್ಲಿ ಅರ್ಧ ನಂದೇ" ಅಂದೆ.

"ಗಂಡ ಎಲ್ಲಿ?" ಎಂದೂ ಕೇಳಿದರು. "ಊರಲ್ಲಿ" ಅಂದೆ. ಅವರು ಕೂಡಲೇ ನಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆ ಎಂಬ ವಿಷಯಕ್ಕೆ ಹೋದರು. ಒಳ್ಳೆಯ ಹೆಂಗಸು.

ಕೋಣೆ ದೊಡ್ಡದಲ್ಲ. ಚಾಪೆ ಹಾಸಿದರೆ ಒಲೆಯ ಕಾಲಿಗೆ ತಾಗುತ್ತದೆ. ಮಳೆಗಾಲದಲ್ಲಿ ಒಂದು ಮೂಲೆ ಸೋರಿತು, ನಾನೇ ಹತ್ತಿ ಹಂಚು ಸರಿಸಿದೆ. ಕೆಳಗೆ ಬೆಳಿಗ್ಗೆಯಿಂದ ಗಲಾಟೆ. ಆದರೂ ಮೊದಲಿನಂತೆ ಊರಿಂದ ಬರಲು ಹಟ್ಟಿಕೇರಿ ಕ್ರಾಸಿನಲ್ಲಿ ಬುಟ್ಟಿ ಇಟ್ಟುಕೊಂಡು, ಕಂಡಕ್ಟರನ ಮುಖ ನೋಡಿ, "ಮೀನು ಹತ್ಸೂಕಿಲ್ಲ" ಎಂದು ಅನ್ನಿಸಿಕೊಂಡು ಮುಂದಿನ ಬಸ್ಸಿಗೆ ಕಾಯುವ ಕರ್ಮ ತಪ್ಪಿತಲ್ಲ. ಈಗ ಮೆಟ್ಟಿಲಿಳಿದರೆ ಮಾರುಕಟ್ಟೆ. ದೊಡ್ಡಾಸ್ಪತ್ರೆಗೂ ನಡೆದೇ ಹೋಗಬಹುದು. ನಿಮ್ಮ ಕಣ್ಣಿನ ಪೊರೆಯ ಬಗ್ಗೆ ವಿಚಾರಿಸಿ ಬಂದಿದ್ದೇನೆ. ತೆಗೆಸಿದ ಮೇಲೆ ಇಲ್ಲೇ ಇರಬಹುದು, ಚಾಪೆಯಲ್ಲಿ ಇಬ್ಬರಿಗೆ ಜಾಗವಿದೆ. ಬಂಗಡೆ ಸಾರಿಗೆ ಕಾಯಿ ಮಾತ್ರ ನೀವೇ ಅರೆಯಬೇಕು, ನಾನು ಅರೆದದ್ದು ನಿಮಗೆ ಯಾವತ್ತು ಸರಿಹೋಗಿದೆ?

ಊರಲ್ಲಿ ಎಲ್ಲರೂ ಹೀರಾ ಮನೆ ಬಿಟ್ಟು ಹೋದಳು ಅನ್ನುತ್ತಾರೆ ಎಂದು ಬೀರು ಹೇಳಿದ. ಅನ್ನಲಿ.

ಈಗ ಮುಖ್ಯ ವಿಷಯ. ಮೊನ್ನೆ ನಿಮ್ಮ ಮಗ ಮಾರುಕಟ್ಟೆಗೆ ಬಂದಿದ್ದ. ಗಿರಾಕಿಗಳು ತುಂಬಿರುವ ಹೊತ್ತು ನೋಡಿಯೇ ಬಂದ. ನನ್ನ ಬುಟ್ಟಿಗೆ ಕಾಲು ತಾಗಿಸಿ ನಿಂತು, "ಮನೆ ಬಿಟ್ಟವಳಿಗೆ ನಮ್ಮನೆ ಜಾಗ ಎಂತಕೆ? ಏಳು. ಸೋಮವಾರದಿಂದ ಇಲ್ಲಿ ಮಾನಸಾ ಕೂರೂದು" ಅಂದ. ಮಾನಸಾ ನನ್ನ ಮೈದುನನ ಹೆಂಡತಿ, ನಿಮ್ಮ ಕಿರಿಸೊಸೆ, ನನಗೆ ತಂಗಿಯಿದ್ದಂತೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಏಳಲಿಲ್ಲ. ಕೈಯಲ್ಲಿದ್ದ ಇಸೋಣ ಮೀನನ್ನು ಮೆಟ್ಟುಗತ್ತಿಗೆ ಕೊಟ್ಟು, ತುಂಡು ಮಾಡಿ, ಗಿರಾಕಿಯ ಚೀಲಕ್ಕೆ ಹಾಕಿದೆ. ಚಿಲ್ಲರೆಯನ್ನೂ ಎಣಿಸಿ ಕೊಟ್ಟೆ.

ಆಗ ಪಕ್ಕದ ಬೊಮ್ಮುಬಾಯಿ ಬಾಯಿಂದ ಎಲೆಯಡಿಕೆ ಉಗಿದು ಎದ್ದರು. ನಿಮ್ಮ ಜೊತೆ ಅಷ್ಟು ವರ್ಷ ಕೂತ ಹೆಂಗಸು, ಬಿಡುತ್ತಾರೆಯೇ? "ಏ ರೂಪೇಶಾ, ಈ ಜಾಗ ನಿನ್ನ ಅಪ್ಪಂದೂ ಅಲ್ಲ, ನಿಂದೂ ಅಲ್ಲ. ಅತ್ತೆ ಸೊಸೆಗೆ ಕೊಡೂದು. ನಿನ್ನ ಆಯಿ ಕೈ ಹಿಡ್ದು ಇವ್ಳನ್ನ ಇಲ್ಲಿ ಕೂರ್ಸಿದ್ದು ನಾವೆಲ್ಲಾ ಕಂಡಿದ್ದೇವೆ. ಎಬ್ಸೂದಾದ್ರೆ ಅವ್ಳೇ ಬಂದು ಕೈ ಹಿಡ್ದು ಎಬ್ಸಲಿ. ಗಂಡಸ್ರಿಗೆ ಇಲ್ಲೆಂತ ಕೆಲ್ಸ?" ಸಾಲಿನ ಹೆಂಗಸರೆಲ್ಲ ಹೌದು ಹೌದು ಅಂದರು. ಅವನು ಏನೋ ಗೊಣಗಿ ಹೋದ. ಆದರೆ ಸೋಮವಾರ ನಿಮ್ಮನ್ನೇ ಕರೆತರುತ್ತಾನಂತೆ, ಬೀರು ಹೇಳಿದ.

ನೀವು ನನ್ನನ್ನು ಕೂರಿಸಿದ ದಿನ ನನಗೆ ನೆನಪಿದೆ. ಕೂರುವ ಕಲ್ಲಿಗೆ ನೀರು ಹೊಡೆದು, ನಿಮ್ಮ ಅತ್ತೆ ನಿಮಗೆ ಕೊಟ್ಟ ಮಣೆ ಹಾಕಿ, ನನ್ನ ಕೈ ಹಿಡಿದು ಕೂರಿಸಿದಿರಿ. "ಕೂಗೂಕೆ ನಾಚ್ಕೊಂಡ್ರೆ ಮೀನು ಕೊಳಿತದೆ" ಎಂದು ಕಿವಿಯಲ್ಲಿ ಹೇಳಿದಿರಿ. ಆ ದಿನ ನನ್ನ ಗಂಟಲೇ ಏಳಲಿಲ್ಲ, ನನ್ನ ಪರವಾಗಿ ನೀವೇ ಕೂಗಿದಿರಿ. ಈಗ ಬಂದು ಕೇಳಿ. ನನ್ನ ಕೂಗು ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತದೆ ಎಂದು ಲಲಿತಾಬಾಯಿ ಬೈಯುತ್ತಾರೆ.

ಅದಕ್ಕೇ ಹೇಳುತ್ತೇನೆ, ಅತ್ತೆ. ಮಾನಸಾ ಬರಲಿ, ನನ್ನ ಎಡಕ್ಕೆ ಕೂರಲಿ. ಸರಿದು ಜಾಗ ಕೊಡುತ್ತೇನೆ, ಕೂಗುವುದನ್ನೂ ಕಲಿಸುತ್ತೇನೆ. ಎದ್ದು ಹೋಗುವುದು ಮಾತ್ರ ಆಗದು. ಆ ಕಲ್ಲಿನ ಮೇಲೆ ಕೂತರೇ ಈ ಕೋಣೆ, ಈ ಕೋಣೆಯಿದ್ದರೇ ನಾನು. ನಿಮ್ಮ ಮಗ ಎಷ್ಟು ಜನರನ್ನು ಕರೆತಂದರೂ ನಾನು ಏಳುವುದಿಲ್ಲ. ನೀವು ಬಂದು ಎಬ್ಬಿಸಿದರೆ ಮಾತ್ರ ಏಳುತ್ತೇನೆ, ಮಣೆಯನ್ನೂ ತೊಳೆದು ನಿಮ್ಮ ಕೈಗೆ ಕೊಡುತ್ತೇನೆ. ಮಾರುಕಟ್ಟೆಯ ಮಾತು ಅದು, ನಾನು ಮೀರುವುದಿಲ್ಲ.

ಬೀರುವಿನ ಕೈಯಲ್ಲಿ ನಿಮ್ಮ ಎಲೆಯಡಿಕೆ, ಮಂಡಿಗೆ ಹಚ್ಚುವ ಎಣ್ಣೆ ಕಳಿಸಿದ್ದೇನೆ. ಬಿಸಿಲಲ್ಲಿ ಬಹಳ ತಿರುಗಬೇಡಿ. ದೇವರು ನಿಮ್ಮ ಕೈಕಾಲು ಗಟ್ಟಿಯಾಗಿ ಇಡಲಿ.

ನಿಮ್ಮ ಸೊಸೆ,
ಹೀರಾ

ತಾ.ಕ.: ದೀಪಕ್ಕೋರೇ, ಇಲ್ಲಿಂದ ಮುಂದಿನದನ್ನು ಜೋರಾಗಿ ಓದಬೇಡಿ. ಅತ್ತೆಯ ಕಿವಿಯ ಹತ್ತಿರ ಹೇಳಿ.

ಅತ್ತೆ, ನಾನು ಮನೆ ಬಿಟ್ಟವಳಲ್ಲ ಎಂದು ನಿಮಗೆ ಗೊತ್ತು. ಅವನು ನನ್ನ ಟ್ರಂಕು ಬೀದಿಗೆ ಎಸೆದ ದಿನ ನೀವು ಅಂಗಳದಲ್ಲೇ ಇದ್ದಿರಿ, ಮಳೆಗಾಲಕ್ಕೆಂದು ಒಣಮೀನು ಆರಿಸುತ್ತ ಕೂತಿದ್ದಿರಿ. ಅವನು ಹೊಡೆದದ್ದು ಅದೇ ಮೊದಲಲ್ಲ, ಅದು ಮೈಗೆ ಮರೆತೂ ಹೋಯಿತು. ನೀವು ತಲೆಯೆತ್ತಲಿಲ್ಲ ನೋಡಿ, ಅದು ಮರೆಯುತ್ತಿಲ್ಲ. ನಾನು ಬೇಲಿಯ ಹೊರಗೆ ನಿಂತು ಕಾದೆ. ಆರಿಸಿ ಮುಗಿದ ಮೇಲೆ ಕೈ ತೊಳೆದು ಬರುತ್ತೀರಿ ಅಂದುಕೊಂಡೆ. ನೀವು ಮುಗಿಸಿದಿರಿ, ಬುಟ್ಟಿ ಎತ್ತಿಕೊಂಡು ಒಳಗೆ ಹೋದಿರಿ.

ಯಾಕೆ ಎಂದು ನಾನು ಕೇಳುವುದಿಲ್ಲ. ನಿಮಗೂ ಆ ಮನೆಯಲ್ಲೇ ಇರಬೇಕಿತ್ತು. ಆದರೆ ಇಲ್ಲಿ ಮೆಟ್ಟಿಲ ಮೇಲೆ ಯಾರಾದರೂ ನಿಧಾನವಾಗಿ ಹತ್ತಿ ಬಂದರೆ ಇವತ್ತಿಗೂ ನೀವೇನೋ ಎಂದು ಎದ್ದು ಹೋಗಿ ನೋಡುತ್ತೇನೆ.

ಸೋಮವಾರ ಬನ್ನಿ. ಎಬ್ಬಿಸುವುದಕ್ಕೇ ಬಂದರೂ ಸರಿ. ನನ್ನ ಕೈಯನ್ನಂತೂ ಹಿಡಿಯಲೇಬೇಕಲ್ಲ.