ಗೌರಾಬಾಯಿಯವರ ಕೈಯಿಂದ ಶಾಲು ಹೊದಿಸಿಕೊಂಡವರಿಗೆ

ಉಚಿತ ಚಿಕಿತ್ಸಾಲಯ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಮ್ಮ ಚಿಕಿತ್ಸಾಲಯಕ್ಕೆ ಕಾಲು ತೋರಿಸಲು ಬರುತ್ತಿದ್ದ ಹಿರಿಯರೊಬ್ಬರು ಈಗ ಆ ಕಾಲನ್ನು ಸೀರೆಯೊಳಗೆ ಬಚ್ಚಿಟ್ಟುಕೊಂಡು ಕೂತಿದ್ದಾರೆ. ಕಾರಣ ರೋಗವಲ್ಲ, ತಮ್ಮ ದೀಪಾವಳಿ ಸಮಾರಂಭ.

ಜರ್ಮನ್‌ಟೌನಿನ ಆ ಹೈಸ್ಕೂಲ್ ಸಭಾಂಗಣ ನೆನಪಿದೆಯಲ್ಲ? ಇಂಗ್ಲೆಂಡಿನಲ್ಲಿ ವೈದ್ಯಕೀಯ ಓದಿದ ತಾವು ಅಲ್ಲಿನ ಒಂದು ಕೌಂಟಿಯ, ಅಂದರೆ ಜಿಲ್ಲೆಯ, ಧರ್ಮಾಸ್ಪತ್ರೆಗಳ ಇತಿಹಾಸವನ್ನು ಊಟ ಆರಿಹೋಗುವಷ್ಟು ಸಾವಕಾಶವಾಗಿ ಹೇಳಿದಿರಿ. ಇನ್ನೂರು ವರ್ಷಗಳ ಹಿಂದೆ ಸಿರಿವಂತರು ಚಂದಾ ಹಾಕಿ ಆಸ್ಪತ್ರೆ ಕಟ್ಟಿದರು. ಚಂದಾದಾರನ ಶಿಫಾರಸು ತಂದ ಬಡವನಿಗೆ ಹಾಸಿಗೆ ಸಿಕ್ಕಿತು. ಗುಣವಾದ ಮೇಲೆ ಅವನು ಚರ್ಚಿನಲ್ಲಿ ಕೃತಜ್ಞತೆ ಹೇಳಬೇಕಿತ್ತು, ಹೇಳದವನಿಗೆ ಮತ್ತೆ ಬಾಗಿಲಿಲ್ಲ. ಎಂಥ ಶಿಸ್ತು ಎಂದು ತಾವು ಕೊಂಡಾಡಿದಾಗ ಅದು ಬರೀ ಇತಿಹಾಸವೆಂದು ನಂಬಿದ್ದೆ. ಪರದೆ ಆಗಷ್ಟೇ ಏಳುತ್ತಿತ್ತು.

ಮೈಕಿನಲ್ಲಿ ಗೌರಾಬಾಯಿಯವರ ಹೆಸರು ಕೂಗಿಸಿದಿರಿ. ಮಗಳು ನೀಲಗಂಗಾಳ ಬಾಣಂತನಕ್ಕೆಂದು ಧಾರವಾಡದಿಂದ ಅಮೆರಿಕಕ್ಕೆ ಬಂದವರು. ವಿಮೆಯಿಲ್ಲ. ಸಕ್ಕರೆ ಕಾಯಿಲೆ, ಪಾದದಲ್ಲಿ ಮಾಯದ ಹುಣ್ಣು. ಅವರ ಕೈಗೆ ಶಾಲುಗಳ ತಟ್ಟೆ ಕೊಟ್ಟು, ವೇದಿಕೆಯ ಮೇಲೆ ಸಾಲಾಗಿ ಕೂತ ದಾನಿಗಳಿಗೆ ಹೊದಿಸಲು ಹೇಳಿದಿರಿ. ನಮ್ಮಲ್ಲಿ ಹಿರಿಯರಿಗೆ ಶಾಲು ಹೊದಿಸುತ್ತಾರೆ, ಸ್ವಾಮಿ. ಇಲ್ಲಿ ಹಿರಿಯರೇ ಕುಂಟುತ್ತ ಕುರ್ಚಿಯಿಂದ ಕುರ್ಚಿಗೆ ಹೋಗಿ ಅಳಿಯನ ವಯಸ್ಸಿನವರ ಹೆಗಲು ಹುಡುಕಿದರು. ಬಿಚ್ಚಿದ ಬ್ಯಾಂಡೇಜು ಹಿಂದೆ ತೆವಳುತ್ತಿತ್ತು. ವಿಡಿಯೋದಲ್ಲಿ ಮುಖ ಬೀಳಲಿಲ್ಲವೆಂದು ತಾವು ಎರಡನೇ ಸಲ ಹೊದಿಸಿಕೊಂಡಿರಿ. ಕಂಪನಿ ನಾಟಕದಲ್ಲಿ ಖಳನಾಯಕನಿಗೂ ಒನ್ಸ್ ಮೋರ್ ಬೀಳುತ್ತಿತ್ತು. ಅದನ್ನು ಪ್ರೇಕ್ಷಕರು ಕೇಳುತ್ತಿದ್ದರು, ಖಳನಾಯಕನಲ್ಲ!

ಮತ್ತು ನಾವು ಚಪ್ಪಾಳೆ ತಟ್ಟಿದೆವು. ಮೈಕಿಲ್ಲದೆ ಕೊನೆಯ ಬೆಂಚಿಗೆ ಮುಟ್ಟುವ ಕಂಠ ನನ್ನದೆಂದು ಊರೆಲ್ಲ ಹೇಳಿಕೊಂಡು ತಿರುಗುವವನು ನಾನು. ಅಂದು ಅದು ಎಲ್ಲಿ ಅಡಗಿತ್ತು? ತಮ್ಮನ್ನು ಬೈಯಲು ಕೂತವನಿಗೆ ಈ ಸಾಲು ಬರೆಯುವಾಗ ತಲೆ ಎತ್ತಲಾಗುತ್ತಿಲ್ಲ.

ಮೊನ್ನೆ ಡ್ರೆಸ್ಸಿಂಗಿಗೆ ಕರೆದೊಯ್ಯಲು ಕಾರು ತಂದೆ. ಗೌರಾಬಾಯಿ ಸೋಫಾ ಬಿಟ್ಟು ಏಳಲಿಲ್ಲ.

"ಬ್ಯಾಡೋ ತಮ್ಮಾ. ಆರಾಮಾದ್ರ ಮತ್ತ ನನ್ನ ಕೈಲೆ ಶಾಲು ಹೊಚ್ಚಸ್ತಾರ."

"ಅವ್ವಾ, ಹಿಂಗ ಬಿಟ್ರ ಕಾಲ ತಗಿಬೇಕಾಗ್ತದ ಅಂದಾರ ಡಾಕ್ಟರು," ಎಂದಳು ನೀಲಗಂಗಾ, ಕೂಸನ್ನು ಹೆಗಲಿಗೆ ಹಾಕಿಕೊಂಡೇ.

ಗೌರಾಬಾಯಿ ನಕ್ಕರು. "ತಗೀಲಿ ಬಿಡ. ಸ್ಟೇಜ್ ಹತ್ತೂದಾದ್ರೂ ತಪ್ಪತೈತಿ."

ಕಾರು ಖಾಲಿಯಾಗಿಯೇ ಮರಳಿತು. ಆ ನಗುವಿಗೆ ತಮ್ಮಲ್ಲಿ ಮರುಮಾತಿದೆಯೇ? ಕೊಟ್ಟ ಔಷಧಿಗೆ ಮಾನವನ್ನು ಬೆಲೆಯಾಗಿ ಕೇಳಿ, ಅದನ್ನು ಉಚಿತವೆಂದು ಬೋರ್ಡು ಬರೆಸುವುದು ಯಾವ ಶಿಸ್ತು? ಆ ಕೌಂಟಿಯಿಂದ ನಾವು ಆಸ್ಪತ್ರೆ ಕಲಿಯಬಹುದಿತ್ತು. ಬಡವನನ್ನು ಚರ್ಚಿನಲ್ಲಿ ನಿಲ್ಲಿಸಿ ಕೃತಜ್ಞತೆ ಹೇಳಿಸುವುದನ್ನು ಕಲಿತೆವು.

ನನ್ನ ಬೇಡಿಕೆ ಇಷ್ಟು: ರೋಗಿಗಳನ್ನು ವೇದಿಕೆಗೆ ಕರೆಯುವ ಪದ್ಧತಿ ಇಂದೇ ನಿಲ್ಲಲಿ. ಅದನ್ನು ನಿಲ್ಲಿಸಿದ್ದೇವೆಂದು ತಾವೇ ಹೋಗಿ ಗೌರಾಬಾಯಿಯವರಿಗೆ ಹೇಳಿ. ಲಿಫ್ಟ್ ಇಲ್ಲದ ಅಪಾರ್ಟ್‌ಮೆಂಟು, ಮೆಟ್ಟಿಲು ಹತ್ತಿ. ವಿಡಿಯೋದವನು ಬೇಡ, ಭಾಷಣ ಬೇಡ. ಶಾಲು ಮನೆಯಲ್ಲೇ ಬಿಟ್ಟು ಬ್ಯಾಂಡೇಜು ತನ್ನಿ. ಬೇಗ ಬನ್ನಿ, ಕಾಲು ಇನ್ನೂ ಉಳಿದಿದೆ.

ಇಂತಿ,
ಅಂದು ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಕೈ ತಟ್ಟಿದ
ಬಸವಂತಪ್ಪ
ಜರ್ಮನ್‌ಟೌನ್, ನವೆಂಬರ್ ೧೯೯೭